ಜಾನ್ ವಾರನ್: ಒಂದು ಗ್ರೇನ್ ಚಿನ್ನವನ್ನು ಬರೆದಿಟ್ಟ ಮೋಜಣಿದಾರರು

ನಮ್ಮ ಶಾಲೆಯ ನೂರು ವರ್ಷಗಳ ಇತಿಹಾಸವನ್ನು ಬರೆಯಲು ನನಗಿಂತ ಹಿರಿಯರೂ ಅರ್ಹರೂ ಆದವರು ಇದ್ದಾರೆ. ಅವರ ಲೇಖನಗಳು ಈ ಸ್ಮರಣ ಸಂಚಿಕೆಯಲ್ಲಿಯೇ ಇವೆ. ಸಂಚಿಕಾ ಸಮಿತಿಯವರು ನನ್ನಿಂದ ಬಯಸಿದ್ದು ಮಕ್ಕಳೂ ಅವರ ತಂದೆತಾಯಂದಿರೂ ಓದಬಹುದಾದ ಒಂದು ಜೀವನ ವೃತ್ತಾಂತವನ್ನು. ಯಾರ ಬದುಕನ್ನು ಆರಿಸಿಕೊಳ್ಳಲಿ ಎಂದು ಬಹಳ ದಿನ ಯೋಚಿಸಿದೆ. ಕೊನೆಗೆ ಆರಿಸಿಕೊಟ್ಟವಳು ಏಳನೆಯ ತರಗತಿಯ ಒಬ್ಬ ವಿದ್ಯಾರ್ಥಿನಿ.

ಕೆಲವು ವರ್ಷಗಳ ಹಿಂದಿನ ಬೇಸಗೆಯಲ್ಲಿ ಶಾಲೆಯ ಬಾವಿ ಬತ್ತಿತು. ಕೊಳವೆಬಾವಿ ತೋಡಿಸಿದೆವು. ಹಿರಿಯರೊಬ್ಬರು ತೋರಿಸಿದ ಜಾಗದಲ್ಲಿ ಕೊರೆದಾಗ ಮುರಕಲ್ಲಿನ ಕೆಂಪು ಧೂಳು ಬಂತು, ಅನಂತರ ಕರಿಗಲ್ಲಿನ ಬೂದುಧೂಳು ಬಂತು, ನೀರು ಬರಲಿಲ್ಲ. ಎರಡನೆಯ ಸಲ ಕೊರೆಯುವ ಮೊದಲು ತಜ್ಞರೊಬ್ಬರನ್ನು ಕರೆಸಿದೆವು. ಅವರು ಆಟದ ಬಯಲಿನಲ್ಲಿ ನಾಲ್ಕು ಲೋಹದ ಸರಳುಗಳನ್ನು ನೆಟ್ಟು, ಹೊರಗಿನ ಎರಡು ಸರಳುಗಳ ಮೂಲಕ ನೆಲಕ್ಕೆ ವಿದ್ಯುತ್ತನ್ನು ಹಾಯಿಸಿ, ಒಳಗಿನ ಎರಡರ ನಡುವಣ ವೋಲ್ಟೇಜನ್ನು ಅಳೆದು ಬರೆದುಕೊಳ್ಳುತ್ತ ಹೋದರು. ಒಣಬಂಡೆ ವಿದ್ಯುತ್ತಿಗೆ ದಾರಿ ಕೊಡದು. ನೀರು ತುಂಬಿದ ಬಿರುಕು ಕೊಡುತ್ತದೆ. ಆ ಲೆಕ್ಕದ ಮೇಲೆ ಕೊರೆದ ಬಾವಿಯಲ್ಲಿ ನೀರು ಸಿಕ್ಕಿತು. ಬದಿಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ ಹುಡುಗಿ ಮರುದಿನ ತರಗತಿಯಲ್ಲಿ ಎರಡು ಪ್ರಶ್ನೆಗಳನ್ನು ಕೇಳಿದಳು. ಚಿನ್ನವನ್ನೂ ಹೀಗೆಯೇ ಹುಡುಕುತ್ತಾರೆಯೇ ಎಂಬುದು ಮೊದಲನೆಯದು. ಇಂಥ ಯಂತ್ರಗಳಿಲ್ಲದಿದ್ದ ಕಾಲದಲ್ಲಿ ಕೋಲಾರದ ನೆಲದೊಳಗೆ ಚಿನ್ನವಿದೆಯೆಂದು ಯಾರಿಗೆ, ಹೇಗೆ ಗೊತ್ತಾಯಿತು ಎಂಬುದು ಎರಡನೆಯದು. ಮೊದಲನೆಯದಕ್ಕೆ ಅಲ್ಲಿಯೇ ಉತ್ತರಿಸಿದೆ. ಎರಡನೆಯದಕ್ಕೆ ನಾನು ಓದಿಕೊಳ್ಳಬೇಕಾಯಿತು. ಓದುತ್ತ ಹೋದಾಗ ದೊರೆತವರು ಲೆಫ್ಟಿನೆಂಟ್ ಜಾನ್ ವಾರನ್.

ಕೋಲಾರದ ಗಣಿಗಳ ಚರಿತ್ರೆಯನ್ನು ಬರೆಯುವವರೆಲ್ಲ ಮೊದಲ ಪುಟದಲ್ಲಿ ಈ ಹೆಸರನ್ನು ಹೇಳಿ, ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಮರೆತುಬಿಡುತ್ತಾರೆ. ಆದರೆ ಆ ಬದುಕು ಮೊದಲ ಪುಟದಲ್ಲಿ ಮುಗಿಯುವಂಥದಲ್ಲ.

ಹೆಸರು ಇಂಗ್ಲಿಷರದಾದರೂ ಅವರು ಇಂಗ್ಲಿಷರಲ್ಲ. ಪೂರ್ಣ ಹೆಸರು ಜಾಂ ಬಾಪ್ತಿಸ್ತ್ ಫ್ರಾಂಸ್ವಾ ಜೋಸೆಫ್ ದ ವಾರನ್. ಐರ್ಲೆಂಡಿನಿಂದ ಹೊರಟು ಫ್ರಾನ್ಸಿನ ಸೇವೆಗೆ ಸೇರಿದ ಮನೆತನದಲ್ಲಿ, ಇಟಲಿಯ ಲಿವೋರ್ನೋ ಎಂಬ ಬಂದರು ಪಟ್ಟಣದಲ್ಲಿ 1769ರಲ್ಲಿ ಜನನ. ಐರಿಷ್ ವಂಶ, ಫ್ರೆಂಚ್ ಮನೆ, ಇಟಲಿಯ ಹುಟ್ಟೂರು. ಇನ್ನು ಉಳಿದದ್ದು ಇಂಗ್ಲಿಷ್ ಸೈನ್ಯದ ಸಮವಸ್ತ್ರ; ಅದೂ ಭಾರತದಲ್ಲಿ ಕೂಡಿಬಂತು. 1789ರ ಕ್ರಾಂತಿಯ ನಂತರ ಫ್ರಾನ್ಸಿನ ಕುಲೀನ ಮನೆತನಗಳು ದಿಕ್ಕಾಪಾಲಾದವು. ಯುವಕ ವಾರನ್ ಪೂರ್ವದೇಶಗಳ ಕಡೆಗೆ ಬಂದು, ಕೊನೆಗೆ ತನ್ನ ದೇಶದೊಡನೆ ಯುದ್ಧದಲ್ಲಿದ್ದ ಬ್ರಿಟಿಷರ ಸೈನ್ಯವನ್ನೇ ಸೇರಿದರು. ಅವರು ಸೇರಿದ್ದು 33ನೆಯ ಕಾಲಾಳು ಪಡೆಗೆ. ಮುಂದೆ ವೆಲಿಂಗ್ಟನ್ ದೊರೆಯೆಂದು ಪ್ರಸಿದ್ಧರಾದ ಆರ್ಥರ್ ವೆಲ್ಲೆಸ್ಲಿಯವರ ಪಡೆ ಅದು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಆ ಪಡೆಯೂ ಇತ್ತು.

ಆ ವರ್ಷವನ್ನು ಕಾಸರಗೋಡಿನವರಾದ ನಾವೂ ನೆನಪಿನಲ್ಲಿಡಬೇಕು. ಟಿಪ್ಪುವಿನ ಪತನದ ನಂತರ ರಾಜ್ಯವನ್ನು ಹಂಚಿಕೊಂಡಾಗ ಕೆನರಾ ಪ್ರಾಂತ್ಯ ಕಂಪೆನಿಯ ಪಾಲಾಯಿತು. ನಮ್ಮ ಬೇಕಲ ಸೀಮೆಯೂ ಅದರೊಂದಿಗೆ ಹೋಯಿತು. ಉಳಿದ ಮೈಸೂರನ್ನು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಹಳೆಯ ರಾಜವಂಶಕ್ಕೆ ಒಪ್ಪಿಸಲಾಯಿತು. ಹಂಚಿಕೊಂಡ ಮೇಲೆ ಗಡಿ ಗುರುತಿಸಬೇಕು. ಗಡಿ ಗುರುತಿಸಲು ಅಳೆಯುವವರು ಬೇಕು. ಕಾಲಿನ್ ಮೆಕೆಂಜಿಯವರ ನೇತೃತ್ವದಲ್ಲಿ ಮೈಸೂರು ಸಂಸ್ಥಾನದ ಮೋಜಣಿ ಹೀಗೆ ಆರಂಭವಾಯಿತು. ಗಡಿಗೆರೆಗಳ ಕಷ್ಟಸುಖವನ್ನು ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ವಾರನ್ ಅಳತೆಯ ವಿದ್ಯೆಯಲ್ಲಿ ಪಳಗಿದ್ದು ತಮ್ಮದೇ ಪಡೆಯ ಇನ್ನೊಬ್ಬ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಅವರ ಜೊತೆಯಲ್ಲಿ. ಬೆಂಗಳೂರಿನ ಹತ್ತಿರ 1800ರಲ್ಲಿ ಏಳು ಮೈಲಿಗೂ ಹೆಚ್ಚು ಉದ್ದದ ಆಧಾರರೇಖೆಯನ್ನು ನೂರು ಅಡಿಯ ಉಕ್ಕಿನ ಸರಪಳಿಯಿಂದ ಅಳೆದಾಗ ವಾರನ್ ಸಹಾಯಕರಾಗಿದ್ದರು. ಆ ಸರಪಳಿ ಚೀನಾದ ಚಕ್ರವರ್ತಿಗೆಂದು ಕೊಂಡೊಯ್ದ ಕಾಣಿಕೆಗಳಲ್ಲಿ ಒಂದು. ಅಲ್ಲಿ ಬೇಡವಾಗಿ ಭಾರತಕ್ಕೆ ಬಂದಿತ್ತು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಆದ್ದರಿಂದ ಪ್ರತಿ ಸಲ ಸರಪಳಿ ಹಾಸುವಾಗಲೂ ಉಷ್ಣತಾಮಾಪಕವನ್ನು ನೋಡಿ ಬರೆದುಕೊಳ್ಳಬೇಕು. ಏಳು ಮೈಲಿಯ ಅಳತೆಗೆ ವಾರಗಳೇ ಹಿಡಿದವು. ಅನಂತರದ ವರ್ಷಗಳಲ್ಲಿ ಲ್ಯಾಂಬ್ಟನ್ ಅವರು ಮದರಾಸಿನಿಂದ ನಮ್ಮ ಮಂಗಳೂರಿನ ತೀರದವರೆಗೆ ತ್ರಿಕೋನಗಳನ್ನು ಹೆಣೆದುಕೊಂಡು ಬಂದಾಗ, ನಾನೂರು ಮೈಲಿಯೆಂದು ನಕ್ಷೆಗಳು ತೋರಿಸುತ್ತಿದ್ದ ಆ ಅಂತರ ವಾಸ್ತವದಲ್ಲಿ ಮುನ್ನೂರ ಅರುವತ್ತು ಮೈಲಿ ಮಾತ್ರವೆಂದು ತಿಳಿದುಬಂತು. ನಲುವತ್ತು ಮೈಲಿ ಭೂಮಿ ಕಾಗದದ ಮೇಲಷ್ಟೇ ಇತ್ತು!

ಕೇಳಿದ್ದನ್ನು ನಂಬದೆ ಅಳೆದು ನೋಡುವ ಈ ಗರಡಿಯಲ್ಲಿ ತಯಾರಾದ ವಾರನ್, ಮೈಸೂರು ಸೀಮೆಯ ಪೂರ್ವದ ಗಡಿಯನ್ನು ಗುರುತಿಸುತ್ತ 1802ರಲ್ಲಿ ಕೋಲಾರದ ದಕ್ಷಿಣಕ್ಕಿರುವ ಎರ್ರಕೊಂಡ ಬೆಟ್ಟದ ಪರಿಸರಕ್ಕೆ ಬಂದರು. ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ಸೀಮೆ ಅದು. ಆ ಬೆಟ್ಟದ ಸುತ್ತಲಿನ ಮಣ್ಣಿನಲ್ಲಿ ಚಿನ್ನ ಸಿಗುತ್ತದೆಂಬ ಸುದ್ದಿ ಅವರ ಕಿವಿಗೆ ಬಿತ್ತು. ಸುದ್ದಿ ಹೊಸದೇನಲ್ಲ. ಕಪ್ಪತಗುಡ್ಡದ ಹಳ್ಳಗಳಲ್ಲಿ ಚಿನ್ನದ ಮರಳನ್ನು ತೊಳೆಯುವ ಜಾಲಗಾರರು ಇದ್ದಂತೆ ಇಲ್ಲಿಯೂ ತಲೆತಲಾಂತರದಿಂದ ಆ ಕೆಲಸ ಮಾಡುವವರಿದ್ದರು. ಆದರೆ ಅಧಿಕಾರಿಗಳ ಮುಂದೆ ಅದನ್ನು ಒಪ್ಪಿಕೊಳ್ಳಲು ಯಾರು ಮುಂದಾದಾರು? ಇಂದು ಚಿನ್ನವೆಂದರೆ ನಾಳೆ ತೆರಿಗೆ.

ವಾರನ್ ಗದರಿಸಲಿಲ್ಲ, ತೋರಿಸಿಕೊಟ್ಟವರಿಗೆ ಬಹುಮಾನವುಂಟೆಂದು ಸಾರಿದರು. ಉರಿಗಾಂ ಎಂಬ ಪುಟ್ಟ ಹಳ್ಳಿಯ ರೈತನೊಬ್ಬ ಮುಂದೆ ಬಂದ. ಅವನ ಮಾರ್ಗದರ್ಶನದಲ್ಲಿ ಹೋದಾಗ ಅವರು ಕಂಡದ್ದು ಹೆಂಗಸರ ಕೆಲಸವನ್ನು. ತೊರೆಯ ದಂಡೆಯ ಮಣ್ಣನ್ನು ಗುಡಿಸಿ ಬುಟ್ಟಿಗೆ ತುಂಬಿ, ತಗ್ಗು ಕೊರೆದ ಮರದ ಹಲಗೆಯಲ್ಲಿ ಹಾಕಿ, ನೀರೆರೆಯುತ್ತ ಕೈಯಾಡಿಸುವರು. ಹಗುರವಾದ ಮಣ್ಣು ನೀರಿನೊಂದಿಗೆ ಹರಿದುಹೋಗುವುದು. ತೂಕದ ಕಣಗಳು ತಗ್ಗಿನಲ್ಲಿ ನಿಲ್ಲುವುವು. ನಮ್ಮ ಅಡುಗೆಮನೆಗಳಲ್ಲಿ ಅಕ್ಕಿಯನ್ನು ಜಾಲಿಸಿ ಕಲ್ಲನ್ನು ಬೇರ್ಪಡಿಸುವ ಉಪಾಯ ಇದೇ ತಾನೆ? ಅಲ್ಲಿ ಉಳಿದ ಕಲ್ಲನ್ನು ಎಸೆಯುತ್ತೇವೆ, ಇಲ್ಲಿ ಉಳಿದದ್ದೇ ಬೆಲೆಯುಳ್ಳದ್ದು. ಹಲಗೆಯ ತಳದಲ್ಲಿ ಕಪ್ಪು ಮರಳಿನ ನಡುವೆ ಹಳದಿಯ ಚುಕ್ಕೆಗಳು ಕಾಣಿಸಿದವು.

ಅಲ್ಲಿಂದ ಮಾರಿಕುಪ್ಪಮ್ಮಿಗೆ ಹೋದರು. ಇಲ್ಲಿ ಕೆಲಸ ನೆಲದ ಮೇಲಲ್ಲ, ನೆಲದೊಳಗೆ. ಊರು ತನ್ನ ಅಂಚಿನಲ್ಲಿಟ್ಟಿದ್ದ ಜಾತಿಯ ಜನ ಇಕ್ಕಟ್ಟಾದ ಗುಂಡಿಗಳೊಳಗೆ ಇಳಿದು, ಬೆಣಚುಕಲ್ಲಿನ ಎಳೆಯನ್ನು ಹಿಂಬಾಲಿಸಿ ಒಡೆದು, ತುಂಡುಗಳನ್ನು ಬುಟ್ಟಿಯಲ್ಲಿ ಕೈಯಿಂದ ಕೈಗೆ ದಾಟಿಸುತ್ತ ಮೇಲಕ್ಕೆ ಕಳುಹಿಸುತ್ತಿದ್ದರು. ಮೇಲೆ ಹೆಂಗಸರು ಅದನ್ನು ಬಂಡೆಯ ಮೇಲೆ ಕುಟ್ಟಿ ಪುಡಿಮಾಡಿ ತೊಳೆಯುತ್ತಿದ್ದರು. ಕಾಸರಗೋಡಿನ ಗುಡ್ಡಗಳಲ್ಲಿ ನೀರಿಗಾಗಿ ಮುರಕಲ್ಲಿನೊಳಗೆ ಅಡ್ಡಲಾಗಿ ಸುರಂಗ ಕೊರೆಯುವವರನ್ನು ನೋಡಿದವರಿಗೆ ಈ ದೃಶ್ಯ ಅಪರಿಚಿತವೆನಿಸದು. ಸಣ್ಣ ಹಾರೆ, ದೀಪ, ಮಣ್ಣು ಹೊರುವ ಬುಟ್ಟಿ. ಗಾಳಿ ಸಾಲದಾದಾಗ ದೀಪ ಆರುವುದೇ ಎಚ್ಚರಿಕೆ. ಮುರಕಲ್ಲು ಮೆದು, ಕೋಲಾರದ ಬೆಣಚುಕಲ್ಲು ಬಹಳ ಗಟ್ಟಿ. ಅಷ್ಟೇ ವ್ಯತ್ಯಾಸ.

ಇಲ್ಲಿಯವರೆಗಿನದು ಯಾವ ಪ್ರವಾಸಿಯೂ ಬರೆಯಬಹುದಾದ ಸಂಗತಿ. ವಾರನ್ ಅದನ್ನು ಮೀರಿ ಒಂದು ಕೆಲಸ ಮಾಡಿದರು: ಮಣ್ಣನ್ನು ತೂಗಿ, ತೊಳೆಸಿ, ಬಂದ ಚಿನ್ನವನ್ನೂ ತೂಗಿದರು. ಸುಮಾರು 56 ಕಿಲೋ ಮಣ್ಣಿಗೆ ಒಂದು ಗ್ರೇನ್ ಚಿನ್ನ ಎಂಬುದು ಅವರಿಗೆ ದೊರೆತ ಲೆಕ್ಕ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ; ನಮ್ಮ ಅಕ್ಕಸಾಲಿಗರು ಹಿಂದೆ ಬಳಸುತ್ತಿದ್ದ ಗುಲಗಂಜಿಯ ಅರ್ಧದಷ್ಟು ತೂಕ. ಒಬ್ಬ ಆಳು ಎತ್ತಲು ಕಷ್ಟಪಡುವಷ್ಟು ಮಣ್ಣು, ಅದರಲ್ಲಿ ಅರ್ಧ ಗುಲಗಂಜಿ. ಊರ ಹೆಸರು, ಬೆಟ್ಟದ ದಿಕ್ಕು, ಗುಂಡಿಗಳ ರೀತಿ, ಜನರ ಕೆಲಸದ ಕ್ರಮ, ಈ ಲೆಕ್ಕ, ಎಲ್ಲವನ್ನೂ ಸೇರಿಸಿ ವರದಿ ಬರೆದು ಒಪ್ಪಿಸಿ ಅವರು ಗಡಿಯ ಕೆಲಸಕ್ಕೆ ಮರಳಿದರು. ಕೆಲವೇ ಪುಟಗಳ ಆ ವರದಿ ಮುಂದೆ ಅಚ್ಚಾಯಿತು.

ಸರಕಾರಕ್ಕೆ ಆ ಲೆಕ್ಕ ತೀರ ಅಲ್ಪವಾಗಿ ಕಂಡಿತು. ಅದನ್ನು ಓದಿ ಬಂದ ಕೆಲವರು ಅಲ್ಲಲ್ಲಿ ಅಗೆದು, ಕೈಸುಟ್ಟುಕೊಂಡು ಹಿಂದಿರುಗಿದರು. ಗುಂಡಿಗಳೊಳಗೆ ಅವಘಡಗಳಾದವು, 1859ರಲ್ಲಿ ನೆಲದಡಿಯ ತೋಡಿಕೆಯನ್ನೇ ನಿಷೇಧಿಸಲಾಯಿತು. ಇಲ್ಲಿ ನನ್ನ ಅಭಿಪ್ರಾಯವೊಂದನ್ನು ಹೇಳಬೇಕು. ವರದಿಯನ್ನು ಓದಿದವರು ಲೆಕ್ಕವನ್ನಷ್ಟೇ ನೋಡಿದರು. ಮಾರಿಕುಪ್ಪಮ್ಮಿನ ಜನರನ್ನು ನೋಡಲಿಲ್ಲ. ಕೂಲಿಯೂ ಗಿಟ್ಟದ ಕೆಲಸಕ್ಕೆ ಪ್ರಾಣದ ಹಂಗು ತೊರೆದು ನೆಲದೊಳಗೆ ಯಾರೂ ತಲೆಮಾರುಗಟ್ಟಲೆ ಇಳಿಯುವುದಿಲ್ಲ. ಮೇಲಿನ ಮಣ್ಣಿನ ಕಣಗಳು ಎಲ್ಲಿಂದಲೋ ತೊಳೆದು ಬಂದವು. ಆ ಮೂಲ ಬೆಣಚುಕಲ್ಲಿನ ಎಳೆಯಲ್ಲಿದೆ ಎಂಬುದು ಆ ಜನರಿಗೆ ತಿಳಿದಿತ್ತು. ಅವರಲ್ಲಿ ಒಬ್ಬರ ಹೆಸರೂ ಗಣಿಯ ಚರಿತ್ರೆಯಲ್ಲಿ ಉಳಿದಿಲ್ಲ.

ವಾರನ್ ಅವರ ಮುಂದಿನ ಬದುಕು ಚಿನ್ನದಿಂದ ಬಹುದೂರ ಸಾಗಿತು. ಮದರಾಸಿನ ನುಂಗಂಬಾಕಂನಲ್ಲಿದ್ದ ಕಂಪೆನಿಯ ಖಗೋಳ ವೀಕ್ಷಣಾಲಯದ ಮುಖ್ಯಸ್ಥ ಜಾನ್ ಗೋಲ್ಡಿಂಗ್‌ಹ್ಯಾಂ ರಜೆಯ ಮೇಲೆ ಹೋದಾಗ 1805ರಲ್ಲಿ ಆ ಸ್ಥಾನವನ್ನು ಇವರಿಗೆ ಒಪ್ಪಿಸಲಾಯಿತು. ಕೆಲವು ವರ್ಷಗಳ ಕಾಲ ಅಲ್ಲಿ ದುಡಿದರು. 1807ರ ದೊಡ್ಡ ಧೂಮಕೇತುವನ್ನು ವೀಕ್ಷಿಸಿ ಬರೆದಿಟ್ಟರು. ಆ ಕಾಲದ ಮುಖ್ಯ ಕಾರ್ಯವೆಂದರೆ ವೀಕ್ಷಣಾಲಯದ ರೇಖಾಂಶವನ್ನು ನಿರ್ಧರಿಸಿದ್ದು. ಅವರು ಕೊಟ್ಟ ಬೆಲೆ ಪೂರ್ವ ರೇಖಾಂಶ 80 ಡಿಗ್ರಿ 17 ನಿಮಿಷ 21 ಸೆಕೆಂಡು. ಭಾರತದ ನಕ್ಷೆಗಳಿಗೆಲ್ಲ ಮದರಾಸಿನ ವೀಕ್ಷಣಾಲಯವೇ ರೇಖಾಂಶದ ಆಧಾರಬಿಂದುವಾದ್ದರಿಂದ ಈ ಬೆಲೆ ಪೇಶಾವರದಿಂದ ಕನ್ಯಾಕುಮಾರಿಯವರೆಗಿನ ನಕ್ಷೆಗಳಿಗೆಲ್ಲ ಹಬ್ಬಿತು. ಒಂದು ಶತಮಾನದ ಬಳಿಕ ತಂತಿಯ ಮೂಲಕ ಕಾಲವನ್ನು ಹೋಲಿಸಿ ನೋಡುವಂತಾದಾಗ ಸುಮಾರು ಎರಡೂವರೆ ನಿಮಿಷಗಳಷ್ಟು ತಪ್ಪು ಗೋಚರಿಸಿತು. ಹಳೆಯ ಸರ್ವೆ ನಕ್ಷೆಗಳ ರೇಖಾಂಶದಲ್ಲಿ 2 ನಿಮಿಷ 27 ಸೆಕೆಂಡುಗಳನ್ನು ಕಳೆಯಬೇಕಾದದ್ದು ಇದರಿಂದಲೇ. ನೆಲದ ಮೇಲೆ ಅದು ನಾಲ್ಕು ಕಿಲೋಮೀಟರಿಗೂ ಹೆಚ್ಚು. ಗಡಿಯಾರದಲ್ಲಿ ಹತ್ತು ಸೆಕೆಂಡುಗಳಷ್ಟೇ. ಗುರುಗ್ರಹದ ಉಪಗ್ರಹಗಳು ಮರೆಯಾಗುವ ಕ್ಷಣವನ್ನು ದೂರದರ್ಶಕದಲ್ಲಿ ನೋಡಿ ಕಾಲ ನಿರ್ಣಯಿಸುತ್ತಿದ್ದ ದಿನಗಳಲ್ಲಿ ಹತ್ತು ಸೆಕೆಂಡುಗಳ ತಪ್ಪನ್ನು ದೊಡ್ಡದೆನ್ನಲಾಗದು. ನನಗೆ ಸೋಜಿಗವೆನಿಸುವುದು ಬೇರೆ. ಇದೇ ವ್ಯಕ್ತಿಯ ತಪ್ಪು ಲೆಕ್ಕವನ್ನು ಇಡೀ ದೇಶ ನೂರು ವರ್ಷ ಪ್ರಶ್ನಿಸದೆ ಬಳಸಿತು. ಸರಿಯಾದ ಲೆಕ್ಕವನ್ನು ಎಪ್ಪತ್ತು ವರ್ಷ ಮೂಲೆಗೆಸೆಯಿತು.

ವೀಕ್ಷಣಾಲಯದಲ್ಲಿ ಅವರು 1809ರಲ್ಲಿ ನಡೆಸಿದ ಇನ್ನೊಂದು ಪ್ರಯೋಗವುಂಟು. ನಮ್ಮ ವಿದ್ಯಾರ್ಥಿನಿಯ ಮೊದಲ ಪ್ರಶ್ನೆಗೂ ವಾರನ್ ಅವರ ಬದುಕಿಗೂ ನಂಟು ಬೆಸೆಯುವುದು ಅದೇ. ಒಂದು ತುದಿಯಿಂದ ಇನ್ನೊಂದಕ್ಕೆ ತೂಗಲು ಸರಿಯಾಗಿ ಒಂದು ಸೆಕೆಂಡು ಹಿಡಿಯುವ ಲೋಲಕದ ಉದ್ದ ಮದರಾಸಿನಲ್ಲಿ ಎಷ್ಟೆಂದು ಅವರು ಅಳೆದರು. ಇದರಲ್ಲಿ ಅಳೆಯುವಂಥದೇನಿದೆ, ಲೋಲಕದ ಉದ್ದ ಎಲ್ಲೆಡೆಯೂ ಒಂದೇ ಅಲ್ಲವೇ ಎಂದು ತೋರಬಹುದು. ಅಲ್ಲ. ಲೋಲಕವನ್ನು ತೂಗಿಸುವುದು ಭೂಮಿಯ ಸೆಳೆತ. ಆ ಸೆಳೆತ ಎಲ್ಲೆಡೆಯೂ ಒಂದೇ ಸಮನಾಗಿಲ್ಲ. ಭೂಮಿ ಧ್ರುವಗಳಲ್ಲಿ ಕೊಂಚ ಚಪ್ಪಟೆ, ನಡುವಿನಲ್ಲಿ ಉಬ್ಬು; ಸಾಲದುದಕ್ಕೆ ತನ್ನ ಸುತ್ತ ತಾನೇ ತಿರುಗುತ್ತಿದೆ. ಆದ್ದರಿಂದ ಸಮಭಾಜಕದ ಸಮೀಪದಲ್ಲಿರುವ ನಮ್ಮಲ್ಲಿ ಸೆಳೆತ ತುಸು ಕಡಿಮೆ. 1672ರಲ್ಲಿ ಪ್ಯಾರಿಸಿನ ಲೋಲಕದ ಗಡಿಯಾರವೊಂದನ್ನು ದಕ್ಷಿಣ ಅಮೆರಿಕದ ಕಯೆನ್‌ಗೆ ಒಯ್ದಾಗ ಅದು ದಿನಕ್ಕೆ ಎರಡೂವರೆ ನಿಮಿಷಗಳಷ್ಟು ನಿಧಾನವಾಗಿ ನಡೆದಿತ್ತು. ಸೆಕೆಂಡಿನ ಲೋಲಕ ಲಂಡನ್ನಿನಲ್ಲಿ ಸುಮಾರು 99.4 ಸೆಂಟಿಮೀಟರ್ ಇರಬೇಕಾದರೆ ಮದರಾಸಿನಲ್ಲಿ ಸುಮಾರು 99.1 ಸಾಕು. ಮೂರೇ ಮಿಲಿಮೀಟರುಗಳ ಅಂತರ. ವಾರನ್ ತಮ್ಮ ಫಲಿತಾಂಶವನ್ನು ಜಗತ್ತಿನ ಬೇರೆ ಬೇರೆ ಸ್ಥಳಗಳ ಅಳತೆಗಳೊಡನೆ ಹೋಲಿಸಿ, ಭೂಮಿ ಎಷ್ಟು ಚಪ್ಪಟೆಯೆಂದು ಲೆಕ್ಕಹಾಕಿ ಪ್ರಕಟಿಸಿದರು. ಲ್ಯಾಂಬ್ಟನ್ ಅವರ ಇನ್ನೊಬ್ಬ ಸಹಾಯಕ ಹೆನ್ರಿ ಕೇಟರ್ ಮುಂದೆ ಇಂಗ್ಲೆಂಡಿನಲ್ಲಿ ರೂಪಿಸಿದ ಲೋಲಕವನ್ನು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಭೌತಶಾಸ್ತ್ರ ಕಲಿತವರು ಕಾಲೇಜಿನ ಪ್ರಯೋಗಶಾಲೆಯಲ್ಲಿ ಬಳಸಿಯೇ ಇರುತ್ತಾರೆ.

ಮದರಾಸಿಗೂ ಲಂಡನ್ನಿಗೂ ಸೆಳೆತ ಬೇರೆಯಾಗುವಂತೆ, ಒಂದೇ ಊರಿನ ಎರಡು ಗದ್ದೆಗಳಿಗೂ ಅತಿ ಸೂಕ್ಷ್ಮವಾಗಿ ಬೇರೆಯಾಗುತ್ತದೆ. ಅಡಿಯಲ್ಲಿ ಭಾರವಾದ ಶಿಲೆಯಿದ್ದರೆ ಸೆಳೆತ ಕೊಂಚ ಹೆಚ್ಚು, ಹಗುರವಾದ ಶಿಲೆಯಿದ್ದರೆ ಕಡಿಮೆ. ಇಂದಿನ ಗುರುತ್ವಮಾಪಕ ಹತ್ತು ಕೋಟಿಯಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸವನ್ನೂ ಗುರುತಿಸಬಲ್ಲದು. ಕೋಲಾರದ ಚಿನ್ನ ಇರುವುದು ಕಪ್ಪುಹಸುರು ಬಣ್ಣದ ಭಾರವಾದ ಪದರಶಿಲೆಗಳ ಉದ್ದನೆಯ ಪಟ್ಟಿಯಲ್ಲಿ. ಸುತ್ತಲಿನದು ಹಗುರವಾದ ಗ್ರಾನೈಟ್ ಜಾತಿಯ ಕಲ್ಲು. ಗುರುತ್ವಮಾಪಕವನ್ನು ಹಿಡಿದು ಪೂರ್ವದಿಂದ ಪಶ್ಚಿಮಕ್ಕೆ ನಡೆದರೆ ಆ ಪಟ್ಟಿಯ ಮೇಲೆ ಬರುತ್ತಲೇ ಅಂಕಿ ಏರುತ್ತದೆ.

ಆದರೆ ಯಾವ ಉಪಕರಣವೂ ಚಿನ್ನವನ್ನೇ ಕಾಣಲಾರದು. ಟನ್ನಿಗೆ ಕೆಲವು ಗ್ರಾಮಿನಷ್ಟು ಚದುರಿರುವ ಲೋಹವನ್ನು ದೂರದಿಂದ ಗುರುತಿಸುವುದು ಸಾಧ್ಯವಿಲ್ಲ. ಭೂಭೌತ ಸಮೀಕ್ಷೆ ಹುಡುಕುವುದು ಚಿನ್ನದ ಸಂಗಾತಿಗಳನ್ನು. ಚಿನ್ನದ ಜೊತೆಯಲ್ಲಿ ಗಂಧಕ ಸೇರಿದ ಕಬ್ಬಿಣದ ಖನಿಜಗಳಿರುತ್ತವೆ. ಕೆಲವು ಅಯಸ್ಕಾಂತದ ಸೂಜಿಯನ್ನು ಅಲುಗಿಸುತ್ತವೆ. ನೆಲಕ್ಕೆ ವಿದ್ಯುತ್ತನ್ನು ಹಾಯಿಸಿ ತಟಕ್ಕನೆ ನಿಲ್ಲಿಸಿದರೆ ಆ ಖನಿಜಗಳ ಕಣಗಳು ವಿದ್ಯುದಾವೇಶವನ್ನು ಕ್ಷಣಕಾಲ ಹಿಡಿದಿಟ್ಟುಕೊಂಡು ಮೆಲ್ಲನೆ ಬಿಡುತ್ತವೆ. ನಮ್ಮ ಆಟದ ಬಯಲಿನಲ್ಲಿ ನೆಟ್ಟ ನಾಲ್ಕು ಸರಳುಗಳಿಗೂ ಈ ವಿಧಾನಕ್ಕೂ ಹೆಚ್ಚು ದೂರವಿಲ್ಲ. ಬೆಳ್ಳಿಯ ವಿಷಯವೂ ಹೀಗೆಯೇ. ನಮ್ಮ ದೇಶದಲ್ಲಿ ಅದು ಮುಖ್ಯವಾಗಿ ರಾಜಸ್ಥಾನದ ಸೀಸ ಮತ್ತು ಸತುವಿನ ಅದಿರುಗಳೊಂದಿಗೆ ದೊರೆಯುತ್ತದೆ, ಹಾಗಾಗಿ ಹುಡುಕುವುದು ಆ ಅದಿರುಗಳನ್ನು. ಗುರುತ್ವ, ಕಾಂತಶಕ್ತಿ, ವಿದ್ಯುತ್ತು ಮೂರರ ನಕ್ಷೆಗಳನ್ನೂ ಒಂದರ ಮೇಲೊಂದು ಇಟ್ಟು ನೋಡಿ, ಮೂರೂ ಬೆರಳು ತೋರುವ ಕಡೆಯಲ್ಲಿ ವಜ್ರದ ಹಲ್ಲುಗಳ ಕೊರೆಯುವ ಯಂತ್ರವನ್ನು ಇಳಿಸುತ್ತಾರೆ. ಒಂದೊಂದು ಕೊರೆತಕ್ಕೂ ಲಕ್ಷಗಟ್ಟಲೆ ಖರ್ಚು. ಎಲ್ಲಿ ಕೊರೆಯಬೇಕೆಂಬುದನ್ನು ಮೊದಲೇ ತಿಳಿಯಲು ಇಷ್ಟೆಲ್ಲ ಸಿದ್ಧತೆ. ಎರ್ರಕೊಂಡದ ಬುಡದಲ್ಲಿ ಮಣ್ಣು ತೂಗಿದ ಕೈಗಳೇ ಏಳು ವರ್ಷಗಳ ನಂತರ ಮದರಾಸಿನಲ್ಲಿ ಭೂಮಿಯ ಸೆಳೆತವನ್ನೂ ಅಳೆದವು. ಎರಡೂ ಮುಂದೊಂದು ದಿನ ಒಂದೇ ಶಾಸ್ತ್ರದೊಳಗೆ ಸೇರುತ್ತವೆಂದು ಅವರು ಎಣಿಸಿರಲಾರರು.

ನೆಪೋಲಿಯನ್ನನ ಪತನದ ನಂತರ ಫ್ರಾನ್ಸಿನಲ್ಲಿ ಹಳೆಯ ರಾಜವಂಶ ಮರಳಿದಾಗ ವಾರನ್ ಕೂಡ ಅಲ್ಲಿಗೆ ಹೋದರು. ಅವರ ಕುಲದ ಪದವಿಗಳು ಹಿಂದಿರುಗಿದವು. ಆದರೆ ಅಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. ಭಾರತಕ್ಕೆ ಬಂದು ಫ್ರೆಂಚರ ಪುದುಚೇರಿಯಲ್ಲಿ ನೆಲೆಸಿದರು. ಇಂಗ್ಲಿಷ್ ಸೈನ್ಯದಲ್ಲಿ ದುಡಿದ ಫ್ರೆಂಚ್ ಕೌಂಟ್, ಫ್ರೆಂಚರ ಊರಿನಲ್ಲಿ ಕುಳಿತು, ಮದರಾಸಿನ ಇಂಗ್ಲಿಷರಿಗಾಗಿ, ಹಿಂದೂಗಳ ಮತ್ತು ಮುಸಲ್ಮಾನರ ಪಂಚಾಂಗಗಳ ಕುರಿತು ಗ್ರಂಥ ಬರೆದರು! ಕಾಲಸಂಕಲಿತ ಎಂದು ಅದರ ಹೆಸರು. 1825ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಸೌರಮಾನ, ಚಾಂದ್ರಮಾನ, ಹಿಜರಿ ಮೂರರ ಗಣಿತವನ್ನೂ ಅದು ಬಿಡಿಸಿ ಹೇಳುತ್ತದೆ. ಬಿಸುವಿನಿಂದ ವರ್ಷವನ್ನೆಣಿಸುವ ತುಳುನಾಡಿನ ನಮಗೆ ಅದರ ಸೌರಮಾನದ ಭಾಗ ಆತ್ಮೀಯವೆನಿಸದಿರದು.

ಅದೇ ವರ್ಷ ಪುದುಚೇರಿಯಲ್ಲಿ ಅವರಿಗೆ ತಮಿಳು ಪಂಚಾಂಗಕಾರರೊಬ್ಬರ ಭೇಟಿಯಾಯಿತು. ಆತ ಬರೆಯುತ್ತಿರಲಿಲ್ಲ. ಕವಡೆಗಳನ್ನು ನೆಲದ ಮೇಲೆ ಸಾಲಾಗಿ ಇಡುತ್ತ, ಬಾಯಿಪಾಠದ ಕೋಷ್ಟಕಗಳನ್ನು ನೆನಪಿಸಿಕೊಳ್ಳುತ್ತ, ಮೇ 31ರ ರಾತ್ರಿಯಿಂದ ಜೂನ್ 1ಕ್ಕೆ ನಡೆಯಲಿದ್ದ ಚಂದ್ರಗ್ರಹಣದ ಕಾಲವನ್ನು ವಾರನ್ ಅವರ ಕಣ್ಣೆದುರೇ ಲೆಕ್ಕ ಮಾಡಿಕೊಟ್ಟರು. ಸ್ಪರ್ಶಕಾಲದಲ್ಲಿ ತಪ್ಪಿದ್ದು ಕೆಲವೇ ನಿಮಿಷಗಳು. ಮೋಕ್ಷಕಾಲದಲ್ಲಿ ತಪ್ಪು ಒಂದು ಗಂಟೆಯ ಸಮೀಪಕ್ಕೆ ಬಂದಿತ್ತು. ಸಿದ್ಧಾಂತದ ಅರಿವಿಲ್ಲದಿದ್ದರೂ ಕ್ರಮವನ್ನು ಒಂದಿಷ್ಟೂ ತಪ್ಪದೆ ನೆನಪಿಟ್ಟುಕೊಂಡಿದ್ದ ಆ ಮನುಷ್ಯನ ಲೆಕ್ಕವನ್ನು ವಾರನ್ ಹೆಜ್ಜೆ ಹೆಜ್ಜೆಯಾಗಿ ಬರೆದುಕೊಂಡರು. ಇಪ್ಪತ್ತನೆಯ ಶತಮಾನದಲ್ಲಿ ಓಟೋ ನಾಯ್ಗೆಬಾವರ್ ಎಂಬ ವಿದ್ವಾಂಸರು ಆ ದಾಖಲೆಯನ್ನು ಪರಿಶೀಲಿಸಿ, ಪ್ರಾಚೀನ ಬ್ಯಾಬಿಲೋನಿಯದ ಗಣಿತ ಪದ್ಧತಿಯ ಜಾಡನ್ನು ಅದರಲ್ಲಿ ಗುರುತಿಸಿದರು. ಉರಿಗಾಂನ ಹೆಂಗಸರ ಮರದ ಹಲಗೆ, ಪುದುಚೇರಿಯ ಪಂಚಾಂಗಕಾರರ ಕವಡೆ; ಎರಡರ ಮುಂದೆಯೂ ವಾರನ್ ಕುಳಿತದ್ದು ಒಂದೇ ಬಗೆಯಲ್ಲಿ, ನಗದೆ, ಅವಸರಿಸದೆ. ಅವರ ಕಾಲದ ಅಧಿಕಾರಿಗಳಲ್ಲಿ ಇದು ಎಷ್ಟು ಅಪರೂಪವೆಂದು ಆ ಕಾಲದ ಬೇರೆ ವರದಿಗಳನ್ನು ಓದಿದವರಿಗೆ ಗೊತ್ತು.

1830ರ ಫೆಬ್ರವರಿಯಲ್ಲಿ ಪುದುಚೇರಿಯಲ್ಲಿಯೇ ಅವರು ತೀರಿಕೊಂಡರು. ಕೋಲಾರದಿಂದ ಅವರಿಗೆ ಒಂದು ಗುಲಗಂಜಿ ಚಿನ್ನದ ಲಾಭವೂ ಆಗಲಿಲ್ಲ.

ಮುಂದಿನದನ್ನು ಬಹಳ ಜನ ಬಲ್ಲರು. ನ್ಯೂಜಿಲೆಂಡಿನ ಯುದ್ಧದಿಂದ ಮರಳಿ ಬೆಂಗಳೂರಿನ ದಂಡುಪ್ರದೇಶದಲ್ಲಿ ವಿಶ್ರಾಂತ ಜೀವನ ನಡೆಸುತ್ತಿದ್ದ ಮೈಕೆಲ್ ಲ್ಯಾವೆಲ್ಲೆ ಎಂಬ ಐರಿಷ್ ಸೈನಿಕನ ಕಣ್ಣಿಗೆ 1871ರಲ್ಲಿ ವಾರನ್ ಅವರ ಹಳೆಯ ವರದಿ ಬಿತ್ತು. ಆತ ಎತ್ತಿನಗಾಡಿಯಲ್ಲಿ ಅರುವತ್ತು ಮೈಲಿ ಪ್ರಯಾಣಿಸಿ, ವರದಿಯಲ್ಲಿ ಹೇಳಿದ ಜಾಗಗಳನ್ನು ಹುಡುಕಿ, 1875ರಲ್ಲಿ ಸರಕಾರದಿಂದ ಗಣಿಯ ಗುತ್ತಿಗೆ ಪಡೆದ. ಅವನ ಹೆಸರಿನ ರಸ್ತೆ ಬೆಂಗಳೂರಿನಲ್ಲಿ ಇಂದಿಗೂ ಇದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿ ಬಂತು. ಆದರೂ ಮೊದಲ ಕೆಲವು ವರ್ಷ ಹಣವೆಲ್ಲ ಕಲ್ಲಿಗೆ ಸುರಿದಂತಾಗಿ, ಷೇರುದಾರರು ಬಾಗಿಲು ಮುಚ್ಚುವ ಮಾತಾಡತೊಡಗಿದ್ದರು. ಆಗ ಕ್ಯಾಪ್ಟನ್ ಪ್ಲಮ್ಮರ್ ಎಂಬವರು ಪುರಾತನ ಜನರ ತೋಡುಗುಂಡಿಗಳ ಅಡಿಯಿಂದಲೇ ಕೆಳಕ್ಕೆ ಹೋಗಿ ನೋಡಿದರು. ಚಾಂಪಿಯನ್ ಎಂದು ಹೆಸರಾದ ಚಿನ್ನದ ಎಳೆ ಸಿಕ್ಕಿತು. ಹಳಬರು ತಮ್ಮ ಹಾರೆಗೂ ನೀರಿಗೂ ಸೋತು ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದ ಮುಂದೆ ಎಂದರ್ಥ. ರಾಯಚೂರಿನ ಹಟ್ಟಿಯಲ್ಲಿಯೂ ಹೀಗೆಯೇ. ಅಲ್ಲಿನ ಪ್ರಾಚೀನ ಗಣಿಗಳು ಆರುನೂರು ಅಡಿಗೂ ಆಳಕ್ಕೆ ಇಳಿದಿದ್ದವು. ಒಳಗೆ ಸಿಕ್ಕ ಮರದ ತುಂಡುಗಳು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯವು. ಭೂವಿಜ್ಞಾನಿಗಳು ಇಂದಿಗೂ ಹಳೆಯ ತೋಡುಗುಂಡಿ ಕಂಡಲ್ಲಿ ಮೊದಲು ನಿಲ್ಲುತ್ತಾರೆ, ಉಪಕರಣಗಳನ್ನು ಆಮೇಲೆ ಬಿಚ್ಚುತ್ತಾರೆ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳಿಗೆ ಹರಿಯಿತು. ಚಾಂಪಿಯನ್ ರೀಫಿನ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಸುಮಾರು ಐದು ಕೋಟಿ ಟನ್ ಅದಿರಿನಿಂದ ಸುಮಾರು 800 ಟನ್ ಚಿನ್ನ, ಅಂದರೆ ಟನ್ನಿಗೆ ಸರಾಸರಿ ಹದಿನಾರು ಗ್ರಾಮಿನಷ್ಟು ಬಂತು. ಕಲ್ಲು ಸಿಡಿದು, ಧೂಳು ಕುಡಿದು ಸತ್ತವರ ಲೆಕ್ಕವನ್ನು ಚಿನ್ನದ ಲೆಕ್ಕದಷ್ಟು ಸುಲಭವಾಗಿ ಹೇಳಲಾಗುವುದಿಲ್ಲ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು.

ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿ ಅಲ್ಲಿ ದಿಬ್ಬಗಳಾಗಿ ಬಿದ್ದಿದೆ, ಸುಮಾರು 3.3 ಕೋಟಿ ಟನ್. ಅಲ್ಲಿಯ ಜನ ಅವನ್ನು ಸೈನೈಡ್ ದಿಬ್ಬಗಳೆನ್ನುತ್ತಾರೆ. ಜೋರು ಗಾಳಿ ಬೀಸಿದಾಗ ಅದರ ಧೂಳು ಮನೆಗಳೊಳಗೆ ಬಂದು ಬೀಳುತ್ತದೆ. ಆ ದಿಬ್ಬಗಳಲ್ಲಿ ಇನ್ನೂ ಟನ್ನಿಗೆ ಒಂದು ಗ್ರಾಮಿಗಿಂತ ಕಡಿಮೆ ಚಿನ್ನ ಉಳಿದಿದೆಯೆಂದೂ, ಇಂದಿನ ವಿಧಾನಗಳಿಂದ ಅದನ್ನು ತೆಗೆಯುವುದು ಲಾಭಕರವೆಂದೂ ಸರಕಾರ ಯೋಜನೆ ಹಾಕುತ್ತಿದೆ. ಈ ಸುದ್ದಿಯನ್ನು ಏಳನೆಯ ತರಗತಿಯಲ್ಲಿ ಓದಿಸಿದ ದಿನ ವಾರನ್ ಅವರ ಲೆಕ್ಕವನ್ನೂ ಕರಿಹಲಗೆಯ ಮೇಲೆ ಬರೆದೆ: 56 ಕಿಲೋ ಮಣ್ಣಿಗೆ 65 ಮಿಲಿಗ್ರಾಂ, ಟನ್ನಿಗೆ ಎಷ್ಟು? ಪ್ರಶ್ನೆ ಕೇಳಿದ್ದ ಹುಡುಗಿಯೇ ಎದ್ದು ಬಂದು ಭಾಗಾಕಾರ ಮಾಡಿದಳು. ಒಂದು ಗ್ರಾಂ, ಚಿಲ್ಲರೆ ನೂರ ಅರುವತ್ತು ಮಿಲಿಗ್ರಾಂ ಬಂತು. ಅವಳು ಸುಣ್ಣದ ಕಡ್ಡಿಯನ್ನು ಹಿಡಿದುಕೊಂಡೇ ದಿಬ್ಬದ ಲೆಕ್ಕವನ್ನೂ ವಾರನ್ ಅವರ ಲೆಕ್ಕವನ್ನೂ ಒಂದರ ಕೆಳಗೊಂದು ಬರೆದು, ಯಾವುದು ದೊಡ್ಡದೆಂದು ಗುರುತು ಹಾಕಿ ಹೋಗಿ ಕುಳಿತಳು.